ಇನ್ಸ್‌ಪೆಕ್ಷನ್ ಸಾರ್ ಏಣಿ ಹಾಕದ ಮರ

ಹಸಿ ಮರ ಕುಯ್ದ ವಾಸನೆ ಬಂದರೆ ಈಗಲೂ ನನಗೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಮೊನ್ನೆ ಬೆಳಿಗ್ಗೆ ಬಾಗಲಗುಂಟೆಯ ಹೋಟೆಲಿನಲ್ಲಿ ಕೂತಿದ್ದಾಗ ಎದುರಿನ ಸೈಟಿನಲ್ಲಿ ಗರಗಸದ ಮಷೀನು ಕಿರುಚಿತು. ಗಾಳಿಯ ಜೊತೆ ಆ ವಾಸನೆಯೂ ಬಂತು. ಅರ್ಧ ತಟ್ಟೆ ಹಾಗೇ ಬಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ನಮ್ಮ ಇನ್ಸ್‌ಪೆಕ್ಷನ್ ಸಾರ್ ನೆನಪಾಗುತ್ತಿದ್ದರು.

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳದ ಕಾಲ. ಬೋಲ್ಟು-ನಟ್ಟು ಮಾಡುವ ಫ್ಯಾಕ್ಟರಿಯೊಂದರಲ್ಲಿ ನಾನು ಅವರ ಕೈಕೆಳಗೆ ಮಾಲು ಪರೀಕ್ಷೆ ಮಾಡುತ್ತಿದ್ದೆ. ಗೇಟಿನ ಹೊರಗೆ ದೊಡ್ಡ ಮಳೆಮರದ ಕೆಳಗೆ ನಮ್ಮಮ್ಮ ಇಡ್ಲಿ ಮಾರುತ್ತಿದ್ದಳು. ಸಾರ್ ಮನೆ ಜಾಲಹಳ್ಳಿಯಲ್ಲಿತ್ತು. ಒಮ್ಮೆ ಹೋಗಿದ್ದೆ, ಕುರ್ಚಿ ಹಾಕಲೂ ಜಾಗವಿಲ್ಲದಷ್ಟು ಆರ್ಕಿಡ್‌ಗಳು. ತೆಂಗಿನ ಸಿಪ್ಪೆಗೆ, ಹಳೆ ಹಲಗೆಗೆ, ಮುರಿದ ಬುಟ್ಟಿಗೆ ಕಟ್ಟಿ ತೂಗುಹಾಕಿದ್ದರು. ಮಣ್ಣೇ ಇಲ್ಲದ ಬೇರುಗಳು ಗಾಳಿಯಲ್ಲಿ ಬೆರಳುಗಳ ಹಾಗೆ ನೇತಾಡುತ್ತಿದ್ದವು... ಒಂದು ಕುತ್ತಿಗೆಗೆ ತಾಗಿದಾಗ ಮೈ ಜುಮ್ಮೆಂದಿತು.

ಬೋಲ್ಟಿಗೆ ಹಿಡಿಯುವ ಭೂತಗನ್ನಡಿಯನ್ನೇ ಸಾರ್ ಹೂವಿಗೂ ಹಿಡಿಯುತ್ತಿದ್ದರು. ಮೊದಲು ನೋಡುವುದು ಮರದ ಮೇಲಿನದೋ, ನೆಲದ್ದೋ ಎಂದು. ಆಮೇಲೆ ಒಂದೇ ಕಾಂಡದಲ್ಲಿ ನೆಟ್ಟಗೆ ಏರುವುದೋ, ಗಡ್ಡೆ ಗಡ್ಡೆಯಾಗಿ ಅಡ್ಡಕ್ಕೆ ಹರಡುವುದೋ ಎಂದು. ಕೊನೆಗೆ ಹೂವಿನೊಳಗಿನ ಪರಾಗದ ಉಂಡೆಗಳನ್ನು ಎಣಿಸುವರು: ಎರಡೋ, ನಾಲ್ಕೋ, ಎಂಟೋ. ಸಾವಿರಾರು ಜಾತಿಗಳಂತೆ, ಹೂ ಬಿಡುವ ತನಕ ಎಷ್ಟಕ್ಕೋ ಹೆಸರು ಹೇಳಲಾಗದಂತೆ. "ಎಲೆ ಸುಳ್ಳು ಹೇಳುತ್ತಮ್ಮ, ಹೂ ಹೇಳಲ್ಲ," ಅನ್ನುತ್ತಿದ್ದರು. ಪ್ರತಿ ಗಿಡಕ್ಕೂ ಒಂದು ತಗಡಿನ ತುಂಡು ಕಟ್ಟಿ, ಅದು ಸಿಕ್ಕಿದ ಊರನ್ನು ಮೊಳೆಯಿಂದ ಕೊರೆಯುತ್ತಿದ್ದರು. "ಹೆಸರು ತಪ್ಪಿದ್ರೆ ಮುಂದೆ ಯಾರಾದ್ರೂ ತಿದ್ತಾರೆ. ಊರು ತಪ್ಪಿದ್ರೆ ಯಾರು ತಿದ್ತಾರೆ?"

ಆದರೆ ಜನ ಅವರ ಬಗ್ಗೆ ಆಡುತ್ತಿದ್ದ ಮಾತೇ ಬೇರೆ. ಸಾರ್ ಏಣಿ ಹಾಕಿ ಆರ್ಕಿಡ್ ಬಿಡಿಸಿಕೊಂಡ ಮರ ಎರಡು ತಿಂಗಳು ಬಾಳುವುದಿಲ್ಲ ಎಂದು. ಬಾಗಲಗುಂಟೆಯ ಆಲ ಗಾಳಿಯೇ ಇಲ್ಲದ ಮಧ್ಯಾಹ್ನ ಉರುಳಿತು. ಜಾಲಹಳ್ಳಿಯ ಮಾವು ನಿಂತಲ್ಲೇ ಒಣಗಿತು. ಹೊಂಗೆಯೊಂದನ್ನು ಕಡಿಯುವ ಯೋಚನೆ ಯಾರಿಗೂ ಇರಲಿಲ್ಲ. ಸಾರ್ ಏಣಿ ಇಳಿದ ವಾರಕ್ಕೆ ಅಳತೆಯವರು ಟೇಪು ಹಿಡಿದು ಬಂದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾನು ನಗುತ್ತಿದ್ದೆ. ಸಾರ್ ನಗುತ್ತಿರಲಿಲ್ಲ. ಒಂದು ದಿನ ತಮ್ಮ ಅಂಗೈ ನೋಡಿಕೊಳ್ಳುತ್ತಾ, "ನಾನು ಮುಟ್ಟಿದ್ದಕ್ಕೆ ಬೀಳ್ತವೋ, ಬೀಳೋ ಮರಾನೇ ನನ್ನ ಕರೆಯುತ್ತೋ... ಗೊತ್ತಾಗ್ತಿಲ್ಲಮ್ಮ. ನಿದ್ದೆ ಬರಲ್ಲ," ಎಂದರು.

ನಮ್ಮ ಮಳೆಮರದ ಕೊಂಬೆಯಲ್ಲೂ ಒಂದು ಆರ್ಕಿಡ್ ಇತ್ತು. ಅಡ್ಡಕ್ಕೆ ಹರಡುವ ಜಾತಿ, ಒಂದು ಸಲವೂ ಹೂ ಬಿಟ್ಟಿರಲಿಲ್ಲ. ಹೆಸರು ಸಾರ್‌ಗೂ ಗೊತ್ತಿರಲಿಲ್ಲ. ಅಮ್ಮನಿಗೆ ಅದು ಬದನಿಕೆ, ಮರದ ರಸ ಹೀರುವ ಪೀಡೆ. ಅದು ಮರದ ಮೇಲೆ ಸುಮ್ಮನೆ ಕೂತಿರುತ್ತದೆ, ಏನನ್ನೂ ಕುಡಿಯುವುದಿಲ್ಲ ಎಂದು ಸಾರ್ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಹಾಗಂತ ಕೀಳಲೂ ಬಿಡಲಿಲ್ಲ.

"ಸಾರ್, ಈ ನೆಳ್ಳಾಗೇ ಮಗಳನ್ನ ಸಾಕ್ದೆ. ನಿಮ್ ಕಾಲಿಗ್ ಬೀಳ್ತೀನಿ, ನಮ್ ಮರಕ್ಕೆ ಏಣಿ ಆಕ್ಬೇಡಿ."

ಸಾರ್ ತಿನ್ನುತ್ತಿದ್ದ ಇಡ್ಲಿ ತಟ್ಟೆ ಕೆಳಗಿಟ್ಟರು. "ಇಲ್ಲಮ್ಮ. ದೇವರಾಣೆ ಹಾಕಲ್ಲ."

ಮಾತು ಉಳಿಸಿಕೊಂಡರು. ಆದರೆ ನಿವೃತ್ತಿ ಹತ್ತಿರ ಬಂದಂತೆ ಅವರು ಕತ್ತೆತ್ತಿ ಆ ಕೊಂಬೆಯನ್ನು ನೋಡುತ್ತಾ ನಿಂತುಬಿಡುತ್ತಿದ್ದರು. ಇಡ್ಲಿ ತಣ್ಣಗಾಗುತ್ತಿತ್ತು. ಆಣೆ ಇಟ್ಟವರು ಅವರು, ನಾನಲ್ಲವಲ್ಲ! ನನ್ನ ಅತಿಬುದ್ಧಿಗೆ ಇಷ್ಟು ಸಾಕಾಯಿತು. ಅಮ್ಮ ಬಾರದ ಒಂದು ಭಾನುವಾರ, ವಾಚ್‌ಮನ್ ಅಣ್ಣನ ಕೈಲಿ ಏಣಿ ಹಿಡಿಸಿ ಹತ್ತಿದೆ. ಬೇರು ತೊಗಟೆಗೆ ಕಚ್ಚಿಕೊಂಡಿರುತ್ತದೆ, ಚಾಕುವಿನಿಂದ ಮೆಲ್ಲಗೆ ಎಬ್ಬಿಸಬೇಕು ಎಂದು ಸಾರ್ ಹೇಳಿದ್ದರು. ಚಾಕು ಬೇಕಾಗಲೇ ಇಲ್ಲ. ಕೈ ಇಟ್ಟ ಕೂಡಲೇ ಫ್ಯಾಕ್ಟರಿ ಗೋಡೆ ಕಡೆಯ ಅರ್ಧ ಗಿಡ ತಾನಾಗಿ ಬಿಟ್ಟುಕೊಂಡು ಅಂಗೈಗೆ ಬಂತು... ಕಾಯುತ್ತಿದ್ದ ಹಾಗೆ. ಕೆಳಗಿನಿಂದ ಕಾಣುವ ಅರ್ಧವನ್ನು ಅಲ್ಲೇ ಬಿಟ್ಟು ಇಳಿದೆ.

ಸೋಮವಾರ ಕೊಟ್ಟಾಗ ಸಾರ್ ಕೇಳಿದ್ದು ಒಂದೇ ಮಾತು. "ಯಾವೂರಿಂದಮ್ಮ?"

ಅತ್ತಿಬೆಲೆ, ಗೆಳತಿಯ ತೋಟದ್ದು ಎಂದೆ. ಅವರ ಮುಖ ಅರಳಿತು. "ನಿಮ್ಮಮ್ಮನ ಮರದ್ದೂ ಇದೇ ತರ ಇದೆ ಅಲ್ವಾ? ಹಾಗಾದ್ರೆ ಅದು ಒಂಟಿ ಅಲ್ಲ!" ಎಂದು ಅಲ್ಲೇ ಕೂತು ತಗಡಿನ ಮೇಲೆ ಅತ್ತಿಬೆಲೆ ಎಂದು ಕೊರೆದರು. ಮೊಳೆಯ ಕಿರಕಿರ ಶಬ್ದ ಕೇಳಲಾರದೆ ನಾನು ಹೊರಗೆ ಹೋದೆ.

ಮೂರನೇ ವಾರಕ್ಕೆ ಮಳೆಮರದ ಮೈಮೇಲೆ ಕೆಂಪು ಬಣ್ಣದ ನಂಬರು ಬಿತ್ತು. ರಸ್ತೆ ಅಗಲ ಮಾಡುವವರು. ಒಂದೇ ಬೆಳಿಗ್ಗೆಯಲ್ಲಿ ನೆರಳು ಹೋಯಿತು. ಕೊಂಬೆಯಲ್ಲಿ ಉಳಿದಿದ್ದ ಅರ್ಧ ಗಿಡ ಲಾರಿ ಚಕ್ರಕ್ಕೆ ಸಿಕ್ಕಿತು. ಗರಗಸದ ಹೊಟ್ಟು ಬಿದ್ದ ಇಡ್ಲಿ ಪಾತ್ರೆ ಹಿಡಿದು ಅಮ್ಮ ನಿಂತಿದ್ದಳು. "ಆವತ್ತೇ ನಿಮ್ಗೆ ಕೊಟ್ಟಿದ್ರೆ ಅದಾದ್ರೂ ಉಳೀತಿತ್ತಲ್ಲ ಸಾರ್," ಎಂದಳು. ಆಮೇಲೆ ಒಂದು ಬೇಸಿಗೆ ಬಿಸಿಲಲ್ಲೇ ಮಾರಿ, ವ್ಯಾಪಾರ ಕೈಬಿಟ್ಟಳು.

ಸಾರ್ ಅಳುತ್ತಿದ್ದರು. ಆದರೆ ಆ ಮುಖದಲ್ಲಿ ನಾನು ಎಂದೂ ಕಾಣದ ನೆಮ್ಮದಿಯಿತ್ತು. ನನ್ನ ಎರಡೂ ಕೈ ಹಿಡಿದುಕೊಂಡು, "ನೋಡಿದ್ಯಾಮ್ಮ? ಇದನ್ನ ನಾನು ಮುಟ್ಟಿರಲಿಲ್ಲ. ಆದ್ರೂ ಹೋಯ್ತು. ನನ್ನ ಕೈಯಲ್ಲೇನಿಲ್ಲ, ಏನೂ ಇಲ್ಲ!" ಎಂದರು. ಈಗ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ನಿವೃತ್ತಿಯ ದಿನ ಹೇಳಿದರು. ನಾನು ಮಾತ್ರ ಅಂದಿನಿಂದ ಇಂದಿನವರೆಗೆ ಬೇಕೆಂದು ಒಂದು ಮರವನ್ನೂ ಮುಟ್ಟಿಲ್ಲ. ಮೂಢನಂಬಿಕೆ ಎನ್ನಿ, ಹೆದರಿಕೆ ಎನ್ನಿ.

ಸಾರ್ ತೀರಿಕೊಂಡು ಎರಡು ವರ್ಷವಾಯಿತು. ಅವರ ಹೆಂಡತಿ ಗಿಡಗಳನ್ನೆಲ್ಲ ಒಂದು ಕಾಲೇಜಿಗೆ ಕೊಟ್ಟುಬಿಟ್ಟರು. ನಿನ್ನೆ ಅಲ್ಲಿನ ಮೇಷ್ಟ್ರು ಫೋನ್ ಮಾಡಿದ್ದರು. ನಾನು ಕೊಟ್ಟ ಗಿಡದಲ್ಲಿ, ಸಾರ್ ಕೊನೆಯ ತನಕ ಕಾದರೂ ಬಿಡದ ಹೂ ಈಗ ಬಿಟ್ಟಿದೆಯಂತೆ.

"ಈ ಕಡೆ ಇದನ್ನ ಯಾರೂ ನೋಡಿಲ್ಲ ಮೇಡಂ. ತಂದುಕೊಟ್ಟವರು ನೀವು ಅಂತ ಅವರ ನೋಟ್‌ಬುಕ್ಕಲ್ಲಿದೆ. ಅತ್ತಿಬೆಲೆಯಲ್ಲಿ ಯಾವ ಮರದ ಮೇಲಿತ್ತು?"

ಪೀಣ್ಯ ಎನ್ನಲು ಬಾಯಿ ತೆರೆದೆ. ಹೇಳಿದ್ದರೆ ಆ ತಗಡಿನ ಸುಳ್ಳನ್ನು ತಿದ್ದಿದ ಹಾಗಾಗುತ್ತಿತ್ತು. ಆದರೆ ಸಾರ್ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದು ಅದೇ ಸುಳ್ಳನ್ನು ನಂಬಿ... ಅದನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

"ಹುಣಸೆ ಮರ," ಎಂದೆ.

"ಸರಿ ಮೇಡಂ, ಈ ಭಾನುವಾರವೇ ಹುಡುಗರನ್ನ ಕರ್ಕೊಂಡು ಹೋಗ್ತೀನಿ. ಅಲ್ಲಿರೋ ಹುಣಸೆ ಮರ ಒಂದನ್ನೂ ಬಿಡದೆ ಹತ್ತಿ ನೋಡ್ತೀವಿ," ಎಂದರು ಮೇಷ್ಟ್ರು.

ಬೇಡ ಎನ್ನಲು ನನಗೊಂದು ಕಾರಣವೂ ಹೊಳೆಯಲಿಲ್ಲ. ಹತ್ತಿದ ಮರಗಳೆಲ್ಲ ಬಿದ್ದುಹೋಗುತ್ತವೆಂಬ ಈ ಭಯ ಅರ್ಥವಾಗುತ್ತಿದ್ದದ್ದು ಸಾರ್ ಒಬ್ಬರಿಗೇ. ಇದ್ದಾಗ ಅವರಿಗೆ ಹೇಳುವ ಹಾಗಿರಲಿಲ್ಲ. ಈಗ ಅವರೇ ಇಲ್ಲ.