ಹಿಲ್ಡಮ್ಮ ಉಳಿದದ್ದು

ಪ್ಲಾಸ್ಟಿಕ್ ಹೊದಿಕೆಯ ಲೈಬ್ರರಿ ಪುಸ್ತಕ ಬಿಸಿಲಿಗೆ ಕಾದರೆ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಮೊನ್ನೆ, ನಾನು ಈಗಿರುವ ಇಂಡೂರೂಪಿಲ್ಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ಓದುತ್ತ ಕೂತಿದ್ದ ಹುಡುಗಿಯ ಕಡೆಯಿಂದ ಅದೇ ವಾಸನೆ ಬಂತು. ಅಷ್ಟೇ ಸಾಕಾಯಿತು. ಅಡಿಲೇಡಿನ ಬ್ಲೇರ್ ಅಥಾಲ್‌ನ ನಮ್ಮ ಬಾಡಿಗೆ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ, ಅಜ್ಜಿಯ ಮೊಣಕಾಲಿಗೆ ಒರಗಿ ಕೂತಂತಾಯಿತು. ಆ ಮನೆ ಈಗಿಲ್ಲ. ಕೆಡವಿ, ಅದೇ ಜಾಗದಲ್ಲಿ ಎರಡು ಮನೆ ಎಬ್ಬಿಸಿದ್ದಾರೆ. ನಿಂಬೆ ಗಿಡ ಇದ್ದಲ್ಲಿ ಯಾರದೋ ಗ್ಯಾರೇಜು.

೨೦೧೩ರಲ್ಲಿ ತಮ್ಮ ಹುಟ್ಟುವ ಹೊತ್ತಿಗೆ ಅಪ್ಪನ ಅಮ್ಮ ಮೈಸೂರಿನಿಂದ ಆರು ತಿಂಗಳ ವೀಸಾದಲ್ಲಿ ಬಂದಳು. ನನಗಾಗ ಒಂಬತ್ತು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದು. ನಾನು ಶಾಲೆಯಿಂದ ಬಂದು ಪುಸ್ತಕದಲ್ಲಿ ಮುಳುಗಿದರೆ ಅವಳಿಗೆ ಮೈಯೆಲ್ಲ ಉರಿ. “ಒಬ್ಬಳೇ ಓದ್ಕೊಂಡ್ರೆ ಏನ್ ಬಂತು? ಬಾಯಿಬಿಟ್ಟು ಹೇಳೇ, ನಾನೂ ಕೇಳ್ತೀನಿ.” ಆಗ ನಾನು ಲೈಬ್ರರಿಯಿಂದ ತಂದು ಓದುತ್ತಿದ್ದದ್ದು ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ, ಸ್ಯಾಕ್ಸನ್ ಜನರ ಕಥೆ, ಮಕ್ಕಳಿಗೆಂದೇ ಬರೆದದ್ದು. ನದಿ ದಂಡೆಯ ಹಳ್ಳಿ, ಜೊಂಡು ಹೊದಿಸಿದ ಮನೆಗಳು, ಈಡಿತ್ ಎಂಬ ಹುಡುಗಿ, ಜೇನು ಸಾಕುವ ಅವಳ ಅಜ್ಜಿ ಹಿಲ್ಡಾ, ಸಮುದ್ರದಾಚೆಯಿಂದ ದೋಣಿಯಲ್ಲಿ ಬಂದು ಊರು ಸುಡುವ ಡೇನರು. ತೊದಲುತ್ತ ಕನ್ನಡದಲ್ಲಿ ಹೇಳತೊಡಗಿದೆ. ಮೂರನೆಯ ದಿನಕ್ಕೆ ಹಿಲ್ಡಾ ನಮ್ಮ ಮನೆಯಲ್ಲಿ ಹಿಲ್ಡಮ್ಮ ಆಗಿಬಿಟ್ಟಿದ್ದಳು. ಆ ಜನ ಬಾರ್ಲಿ ಗಂಜಿ ಕುಡಿಯುತ್ತಿದ್ದರು ಎಂದಾಗ ಅಜ್ಜಿ ನೊಂದುಕೊಂಡಳು. “ಬರೀ ಗಂಜಿನಾ? ನಂಚ್ಕೊಳ್ಳೋಕೆ ಒಂದು ಉಪ್ಪಿನಕಾಯೀನೂ ಇಲ್ವಾ, ಪಾಪ!” ಈಗ ನಾನು ಇಷ್ಟಾದರೂ ಕನ್ನಡ ಬರೆಯುತ್ತಿದ್ದೇನೆಂದರೆ ಅದು ಆ ಮೆಟ್ಟಿಲ ಪುಣ್ಯ.

ಅಜ್ಜಿಯ ಮಟ್ಟಿಗೆ ಓದುವುದೆಂದರೆ ಪಾರಾಯಣ. ಕೈಕಾಲು ತೊಳೆದು ಕೂರಬೇಕು, ಪುಸ್ತಕ ನೆಲಕ್ಕೆ ತಾಗಬಾರದು, ಮುಗಿದ ಮೇಲೆ ಒಂದು ಚೂರು ಕಲ್ಲುಸಕ್ಕರೆ. ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮ ಇನ್ನೊಂದಿತ್ತು: ಸಾವಿನಲ್ಲಿ, ಯುದ್ಧದಲ್ಲಿ ಆ ದಿನದ ಓದು ನಿಲ್ಲಿಸುವಂತಿಲ್ಲ, ಒಳ್ಳೆಯದೇನಾದರೂ ಬರುವವರೆಗೆ ಮುಂದುವರಿಸಲೇಬೇಕು. ಈಡಿತಳ ಚಿಕ್ಕಪ್ಪ ಸತ್ತ ದಿನ, ತಪ್ಪಿಸಿಕೊಂಡ ಮೇಕೆ ಮರಿ ಸಿಗುವವರೆಗೂ, ಗಂಟಲು ಒಣಗಿದರೂ ಬಿಡದೆ ಹೇಳಿಸಿದ್ದಳು ಪುಣ್ಯಾತ್ಗಿತ್ತಿ.

ಅಜ್ಜಿ ಹೊರಡುವ ಹಿಂದಿನ ದಿನ, ಉಳಿದ ಪುಟಗಳನ್ನು ಶಾಲೆಯಲ್ಲಿ ಕದ್ದು ಓದಿದೆ. ಹಿಲ್ಡಮ್ಮ ಸಾಯುತ್ತಾಳೆ. ಜೇನುಗೂಡು ಉಳಿಸಲು ಹೋಗಿ ಬೆಂಕಿಗೆ ಸಿಕ್ಕುತ್ತಾಳೆ. ಆಮೇಲೆ ಎರಡೇ ಪುಟ; ಒಳ್ಳೆಯದೆನ್ನುವ ಒಂದು ಸಾಲೂ ಇಲ್ಲ. ಎಲ್ಲಿ ನಿಲ್ಲಿಸಲಿ? “ಹಿಲ್ಡಮ್ಮ ಉಳೀತಾಳೆ ತಾನೇ?” ಎಂದು ಅಜ್ಜಿ ವಾರದಿಂದ ಕೇಳುತ್ತಲೇ ಇದ್ದಳು. ಹಿಲ್ಡಮ್ಮ ಸತ್ತಳೆಂದು ನನ್ನ ಬಾಯಲ್ಲಿ ಬಂದರೆ ನನ್ನ ಅಜ್ಜಿಗೂ ಏನೋ ಆಗಿಬಿಡುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಈಗ ನಗು ಬರುತ್ತದೆ.

ಆ ಸಂಜೆ ಅಚ್ಚಾದ ಸಾಲುಗಳ ಮೇಲೆ ಬೆರಳಿಟ್ಟುಕೊಂಡೇ ಸುಳ್ಳು ಹೇಳಿದೆ. ಹಿಲ್ಡಮ್ಮ ಒದ್ದೆ ಕಂಬಳಿ ಹೊದ್ದು ಬೆಂಕಿ ದಾಟಿದಳು. ಜೇನುಹುಳುಗಳು ಡೇನರನ್ನು ದೋಣಿಯವರೆಗೆ ಅಟ್ಟಿಸಿಕೊಂಡು ಹೋದವು. ಊರಿಗೆಲ್ಲ ಜೇನು ಹಂಚಿದರು. ಅಷ್ಟು ದಿನ ತೊದಲುತ್ತಿದ್ದ ನನ್ನ ಕನ್ನಡ ಅವತ್ತು ನೀರು ಕುಡಿದಷ್ಟು ಸಲೀಸು! ಅಜ್ಜಿ ಪುಸ್ತಕ ಇಸಕೊಂಡು, ನಿಧಾನವಾಗಿ ಹಾಳೆ ತಿರುವಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ದೇವರ ಮುಂದಿಟ್ಟು, ಮೊದಲ ಪುಟಕ್ಕೆ ಢಾಳಾಗಿ ಕುಂಕುಮ ಹಚ್ಚಿ ಅಕ್ಷತೆ ಹಾಕಿದಳು. “ಅಯ್ಯೋ ಅತ್ತೆ, ಅದು ಲೈಬ್ರರಿ ಪುಸ್ತಕ!” ಎಂದು ಅಮ್ಮ ಕೂಸಿನ ಸಮೇತ ಓಡಿಬಂದಳು. “ಮಂಗಳ ಮಾಡ್ದೆ ಪುಸ್ತಕ ಮುಚ್ಚೋದುಂಟೇನೇ?” ಎಂದು ಅಜ್ಜಿ ಅವಳನ್ನೇ ಗದರಿದಳು. ಅಮ್ಮ ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ. ಅದನ್ನು ಹಿಂದಿರುಗಿಸುವಾಗ ಅಪ್ಪ ತಲೆ ತಗ್ಗಿಸಿ ನಿಂತಿದ್ದ.

ಮೈಸೂರಿಗೆ ಹೋದ ಮೇಲೂ ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜಿಯದು ಒಂದೇ ಪ್ರಶ್ನೆ: “ಹಿಲ್ಡಮ್ಮ ಹೇಗಿದ್ದಾಳೆ?” “ಚೆನ್ನಾಗಿದ್ದಾಳೆ ಅಜ್ಜಿ.” ನಾಲ್ಕು ವರ್ಷ ಹೀಗೇ ನಡೆಯಿತು. ಅವಳು ತೀರಿಕೊಂಡಾಗ ಅಪ್ಪ ಒಬ್ಬನೇ ಹೋಗಿ ಬಂದ. ಮುಂದಿನ ವರ್ಷ ಅವನ ಕೆಲಸಕ್ಕಾಗಿ ಪರ್ತ್‌ಗೆ ಹೋದೆವು. ಅಲ್ಲಿ ಹ್ಯಾರಿಸ್‌ಡೇಲ್‌ನ ಹೊಸ ಮನೆಯಲ್ಲಿ ಪುಸ್ತಕದ ಡಬ್ಬ ಬಿಚ್ಚುತ್ತಿದ್ದಾಗ ಅಪ್ಪ ಇದ್ದಕ್ಕಿದ್ದಂತೆ ಹೇಳಿದ. “ಆ ಪುಸ್ತಕದ ಕೊನೇ ಪುಟದಲ್ಲಿ ಒಂದು ಚಿತ್ರ ಇತ್ತಂತೆ. ಸಮಾಧಿ ಮುಂದೆ ಆ ಹುಡುಗಿ ಅಳ್ತಾ ಕೂತಿರೋದು. ಏರ್‌ಪೋರ್ಟ್‌ಗೆ ಹೋಗ್ತಾ ಅಜ್ಜಿ ಹೇಳಿದ್ಲು ಕಣೇ. ‘ಹಿಲ್ಡಮ್ಮ ಹೋಗ್ಬಿಟ್ಲು, ಪಾಪ ಮಗು ನನಗೋಸ್ಕರ ಉಳಿಸ್ತು, ನನಗೆ ಗೊತ್ತಾಯ್ತು ಅಂತ ಅದಕ್ಕೆ ಹೇಳ್ಬೇಡ’ ಅಂದ್ಲು.”

ನಾನು ಡಬ್ಬದ ಪಕ್ಕ ಕೂತು ಗೊಳೋ ಎಂದು ಅತ್ತೆ. ಗೊತ್ತಿದ್ದೂ ಭಾನುವಾರ ಭಾನುವಾರ ಕೇಳುತ್ತಿದ್ದಳಲ್ಲ! ಕೊನೆಯ ಭಾನುವಾರ ಅವಳು ಫೋನ್ ಮಾಡಿದ್ದು ಆಸ್ಪತ್ರೆಯ ಮಂಚದಿಂದ ಎನ್ನುವುದನ್ನೂ ಅಪ್ಪ ಆಗಲೇ ಹೇಳಿದ್ದು. ಅವತ್ತು ಹಿಲ್ಡಮ್ಮ ಚೆನ್ನಾಗಿದ್ದಾಳೆ ಎಂದ ಮೇಲೆ, ಎಂದೂ ಇಲ್ಲದ್ದು, “ನೀನು ಹೇಗಿದ್ದೀಯ ಅಜ್ಜಿ?” ಎಂದು ನಾನು ಕೇಳಿದ್ದೆ.

“ನನಗೇನಾಗಿದೆ ಪುಟ್ಟಿ, ಕಲ್ಲುಗುಂಡು ಇದ್ದಹಾಗಿದ್ದೀನಿ” ಎಂದಿದ್ದಳು. ನಾನು ನಂಬಿದ್ದೆ.