ಬಾಗಿಲಿಗೊಂದು ಬ್ರೇಕು

ಪಿಂಚಣಿ ಪಡೆಯುವವರು ಬದುಕಿದ್ದಾರೆಯೇ ಎಂದು ನೋಡಲು ಮುಂಡಗೋಡದ ಹಳ್ಳಿಯೊಂದಕ್ಕೆ ಹೋಗಿದ್ದೆ. ಪಟ್ಟಿಯಲ್ಲಿದ್ದ ಶಾಂತವ್ವ ಎಂಬ ಅಜ್ಜಿಯ ಬಾಗಿಲು ಎಷ್ಟು ಬಡಿದರೂ ಉತ್ತರವಿಲ್ಲ. 'ಇಲ್ಲ' ಎಂದು ಬರೆದರೆ ಪಿಂಚಣಿ ನಿಲ್ಲುತ್ತಿತ್ತು. ಆಗ ಬಾಗಿಲ ಚೌಕಟ್ಟಿಗೆ ಬಿಗಿದ ಸೈಕಲ್ ಬ್ರೇಕು ಕಂಡಿತು. ಏನೆಂದು ತಿಳಿಯದೆ ನಾಲ್ಕೈದು ಸಲ ಹಿಡಿದೆ. ಅಜ್ಜಿ ನಗುತ್ತ ಬಂದರು.

"ಅಷ್ಟ್ಯಾಕ ಬ್ರೇಕ್ ಹಿಡೀತೀರಿ ಸಾಹೇಬ್ರ? ಮನಿ ಏನ್ ಓಡಿ ಹೊಂಟಿತ್ತೇನ್ರಿ? ನನಗ ಕಿವಿ ಕೇಳೂದಿಲ್ರಿ. ನಾನಽ ಮಾಡೇನಿ ಇದನ್ನ, ಒಳಗ ಬಂದು ನೋಡ್ರಿ."

ಬ್ರೇಕಿನ ತಂತಿ ಅಡುಗೆಮನೆಯವರೆಗೆ ಹೋಗಿತ್ತು. ಅದರ ತುದಿಗೆ ಒಂದು ಸೌಟು, ಸೌಟಿಗೆ ಕೆಂಪು ಕುಪ್ಪಸದ ತುಂಡು. ಅಜ್ಜಿ ಹೊರಗೆ ಹೋಗಿ ಬ್ರೇಕು ಹಿಡಿದರು. ಒಲೆಯ ಮುಂದೆ ಸೌಟು ಎದ್ದು ಸಲಾಮು ಹೊಡೆಯಿತು. ಅರಿವಿಲ್ಲದೆ ನಾನೂ ಕೈ ಎತ್ತಿದೆ. ಆಮೇಲೆ 'ಇದ್ದಾರೆ' ಎಂದು ಬರೆದೆ.

ನಮ್ಮ ಕಚೇರಿಯ ಕರೆಗಂಟೆ ಊರಿಗೆಲ್ಲ ಕೇಳುತ್ತದೆ. ತಲೆ ಎತ್ತುವವರು ಯಾರೂ ಇಲ್ಲ.