ಗಿರಣಿ ನಡೆದಾಗ ತಿರುಗಿದ ಸೂಜಿ

ತಕ್ಕಡಿಗೆ ಹಾಕಿದರೆ ಉಮರಸಾಬ ಅರ್ಧ ಅಂಡಿಗೆ ಹತ್ತಿಯಷ್ಟೂ ತೂಗುತ್ತಿರಲಿಲ್ಲ. ಅದರಲ್ಲೂ ಒಂದಿಷ್ಟು ಸುಣ್ಣದ ಧೂಳು. ಆದರೂ ಕೊಪ್ಪಳದಲ್ಲಿ ಗೋಡೆ ಕಟ್ಟುವ ಗೌಂಡಿಗಳಲ್ಲಿ ಅವನ ದರವೇ ಮೇಲು. ಕಾರಣ, ಅವನ ಅಪ್ಪ ಹೈದರಾಬಾದಿನಿಂದ ತಂದಿದ್ದ ಹಿತ್ತಾಳೆ ಡಬ್ಬಿಯ ದಿಕ್ಸೂಚಿ. ಮಸೀದಿಗೆ, ನಮಾಜಿನಲ್ಲಿ ಮುಖ ಮಾಡುವ ಕಾಬಾದ ದಿಕ್ಕು ಹಿಡಿಯಬೇಕೆಂದರೆ ಗಂಗಾವತಿಯಿಂದಲೂ ಅವನಿಗೇ ಕರೆ.

"ಈ ಸೂಜಿ ಒಮ್ಮೆನೂ ಸುಳ್ಳ ಹೇಳಿಲ್ರಿ. ನೀವು ಹಂಗ ಎದಿ ತಟ್ಟಿ ಹೇಳ್ರಿ ನೋಡೋಣು" ಎಂದು ಗಿರಣಿ ಸಾಹುಕಾರನಾದ ನನ್ನನ್ನೇ ಕೆಣಕುತ್ತಿದ್ದ.

೧೯೩೮ರಲ್ಲಿ ನನ್ನ ಹತ್ತಿ ಗಿರಣಿಯ ಕೂಲಿಗಳಿಗೆ ಸಣ್ಣ ಮಸೀದಿ ಬೇಕಾಯಿತು. ಗಿರಣಿಯ ಗೋಡೆಯಾಚೆಗೆ ಯಾವುದಕ್ಕೂ ಬಾರದ ಜಾಗ ಕೊಟ್ಟು ಧರ್ಮಾತ್ಮ ಎನ್ನಿಸಿಕೊಂಡೆ. ಮೋಡ ಕವಿದ ಒಂದು ದಿನ, ಗಿರಣಿ ನಡೆಯುತ್ತಿದ್ದಾಗ, ಉಮರಸಾಬ ಡಬ್ಬಿಯನ್ನು ನೆಲಕ್ಕಿಟ್ಟು, ಸೂಜಿ ನೋಡಿ ಬುನಾದಿಯ ದಾರ ಎಳೆದ. ಒಂದು ಗೇಣು ಕೆಳಗೆ, ಡೈನಮೊದಿಂದ ಮೋಟಾರಿಗೆ ಹೋಗುವ ತಂತಿ ಹೂತಿದ್ದು ಅವನಿಗೆ ಗೊತ್ತಿರಲಿಲ್ಲ.

ಗೋಡೆ ಎದ್ದ ಮೇಲೆ, ಗಿರಣಿಗೆ ರಜೆಯಿದ್ದ ಶುಕ್ರವಾರ, ಜಮಾತಿನ ಹಿರಿಯ ಖಾಜಾಸಾಬರು ತಮ್ಮ ದಿಕ್ಸೂಚಿ ತಂದಿಟ್ಟರು.

"ಏನೋ ಉಮರಾ, ನಮ್ಮನ್ನ ಯಾವ ದೇಶದ ಕಡಿ ಮುಖಾ ಮಾಡಿ ನಿಂದ್ರಿಸೀದಿ?"

ಜನ ನಕ್ಕರು. ಉಮರಸಾಬ ತನ್ನ ಡಬ್ಬಿ ತೆರೆದ. ಅವನ ಸೂಜಿಯೂ ಗೋಡೆ ಸೊಟ್ಟ ಎಂದೇ ಹೇಳಿತು.

ಮರುದಿನ ಬೆಳಿಗ್ಗೆ ಅಲ್ಲಿಯೇ ಡಬ್ಬಿ ಹಿಡಿದು ಕೂತ. ಗಿರಣಿ ಶುರುವಾದದ್ದೇ ತಡ, ಸೂಜಿ ಸರಕ್ಕನೆ ಹೊರಳಿತು. ಡೈನಮೊ ನೋಡಿಕೊಳ್ಳುವ ಕನಕಪ್ಪನನ್ನು ಎಳೆದು ತಂದ.

"ಉಮರಣ್ಣ, ಕೆಳಗ ತಂತಿ ಐತಿ. ಅದರಾಗ ಕರೆಂಟ್ ಹರದ್ರ ಸುತ್ತಲೂ ಬಳಿ ತೊಡಿಸಿದಂಗ ಸೂಜಿಗಲ್ಲಿನ ಜೋರು ನಿಂದರತೈತಿ. ಗಿರಣಿ ನಿಂತ್ರ ಅದೂ ಇಲ್ಲ."

ಉಮರಸಾಬ ಓಡಿ ನನ್ನಲ್ಲಿಗೆ ಬಂದ. "ಸಾವ್ಕಾರ್ರ, ನಾಳೆ ಹಿರೇರನ್ನ ಕರಕೊಂಡ ಬರತೀನ್ರಿ. ಗಿರಣಿ ನಡಸ್ರಿ, ಕಣ್ಣಾರೆ ನೋಡ್ಲಿ."

"ನಿನ್ನ ಸೂಜಿಗಿಂತ ನೀನ ಜಾಸ್ತಿ ತಿರಗಾಕತ್ತಿಯಲ್ಲೋ! ಕರಕೊಂಡ ಬಾ" ಎಂದೆ.

ನಮಾಜಿನ ದಿಕ್ಕು ತಪ್ಪಿಸಿದ್ದು ಗಿರಣಿ ಎಂದು ತಿಳಿದರೆ ಕೂಲಿಗಳು ಸುಮ್ಮನಿರುತ್ತಾರೆಯೇ? ಹಿರಿಯರು ಬರುವ ಮೊದಲೇ, ರಾತ್ರೋರಾತ್ರಿ ತಂತಿ ಕೀಳಿಸಿ, ನೆಲ ಸಮ ಮಾಡಿಸಿ, ಬೇರೆ ಕಡೆಯಿಂದ ಎಳೆಸಿದೆ. ಕನಕಪ್ಪನ ಬಾಯಿ ಮುಚ್ಚಿಸಿದೆ.

ಗಿರಣಿ ಭರ್ರೆಂದು ನಡೆಯಿತು. ಸೂಜಿ ಅಲುಗಲಿಲ್ಲ. ಉಮರಸಾಬ ಡಬ್ಬಿಯನ್ನು ತಟ್ಟಿದ, ಅಲುಗಿಸಿದ, ಮಂಡಿಯೂರಿ ನೆಲಕ್ಕೆ ಕಿವಿಯಿಟ್ಟ. ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅಲ್ಲಿಂದ ಬುನಾದಿಗೆ ಅವನನ್ನು ಯಾರೂ ಕರೆಯಲಿಲ್ಲ. ಬೇರೆಯವರ ಕೈಕೆಳಗೆ ಸುಣ್ಣ ಕಲಸುತ್ತ ಎಂಟು ವರ್ಷ ಕಳೆದ. "ಆ ಡಬ್ಬಿ ಮಾರಿಬಿಡ್ರಿ" ಎಂದು ಹೆಂಡತಿ ತಾಜಬೀ ಎಷ್ಟು ಸಲ ಅಂದರೂ, "ಅದರ ತಪ್ಪೇನೈತಿ?" ಎನ್ನುತ್ತಿದ್ದನಂತೆ. ಡಬ್ಬಿ ಕಿಸೆಯಲ್ಲಿದ್ದಂತೆಯೇ ಸತ್ತ.

ಆ ಮಸೀದಿಯಲ್ಲಿ ಈಗಲೂ ಕಾಬಾದ ದಿಕ್ಕಿಗೆ ಸರಿಯಾಗಲೆಂದು ಚಾಪೆಗಳನ್ನು ಗೋಡೆಗೆ ಓರೆಯಾಗಿ ಹಾಸುತ್ತಾರೆ. ತಂತಿ ಅಲ್ಲಿತ್ತು, ಕೀಳಿಸಿದವನು ನಾನು: ಜಮಾತಿನ ಎದುರು ಈ ಮಾತು ಹೇಳುವುದನ್ನು ಉಮರಸಾಬನಿಗೆ ಬಾಕಿ ಉಳಿಸಿಕೊಂಡಿದ್ದೇನೆ.